ಗಾಳಿ ತೆಗೆದವನು

ಗಾಡಿ ನಲವತ್ತು ದಾಟಿದ್ದೇ ತಡ, ಹ್ಯಾಂಡಲ್ ನನ್ನ ಕೈಯಲ್ಲಿ ತಲೆ ಕೊಡವತೊಡಗಿತು.

ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಎದುರಿಗೆ ಬೇಲೂರು ಕಡೆಯಿಂದ ಪ್ರವಾಸಿಗಳ ಬಸ್ಸೊಂದು ಬರುತ್ತಿತ್ತು. ಬ್ರೇಕ್ ಹಿಡಿ ಎಂದು ಬೆರಳು ಚಡಪಡಿಸಿದವು. ಹಿಡಿಯಲಿಲ್ಲ. ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು, ಎರಡೂ ಮೊಣಕಾಲುಗಳಿಂದ ಟ್ಯಾಂಕನ್ನು ಅವುಚಿಕೊಂಡೆ. ಬಸ್ಸು ಹಾರ್ನ್ ಬಾರಿಸುತ್ತ ಮೈಗೆ ಸವರಿಕೊಂಡೇ ಹೋಯಿತು. ವೇಗ ಇಳಿದ ಮೇಲೆ ಗಾಡಿ ಏನೂ ಅರಿಯದ ಹಸುವಿನ ಹಾಗೆ ನೆಟ್ಟಗಾಯಿತು.

ಹಿಂದೆ ಜೀಪಿನಲ್ಲಿ ಬರುತ್ತಿದ್ದ ಸಬ್ ಇನ್‌ಸ್ಪೆಕ್ಟರ್ ಹನುಮಂತಯ್ಯ ಇಳಿದು ಓಡಿ ಬಂದರು.

“ಏನ್ ಮೇಡಂ ಇದು! ನಿಮಗೇನಾದ್ರೂ ಆಗಿದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ? ನೀವೇ ನೋಡಿದ್ರಲ್ಲ, ಟೈರಿನ ದೋಷ ಅಂತ ವರದಿ ಬರೆದುಬಿಡಿ. ಹೊಸ ಟೈರ್ ಹಾಕಿಸಿದ ಮೇಲೇ ಹಿಂಗಾಗಿದ್ದು ಅಂತ ಇಡೀ ಊರೇ ಹೇಳ್ತಿದೆ.”

“ಇಡೀ ಊರಿಗೆ ಬೇರೆ ಕೆಲಸ ಇಲ್ಲ,” ಎಂದೆ. ಹೆಲ್ಮೆಟ್ ತೆಗೆದು ಟ್ಯಾಂಕಿನ ಮೇಲಿಟ್ಟೆ.

ಅಪಘಾತವಾದ ಗಾಡಿಗಳನ್ನು ಪರೀಕ್ಷಿಸಿ, ತಪ್ಪು ಗಾಡಿಯದೋ ಮನುಷ್ಯನದೋ ಎಂದು ಹೇಳುವುದು ನನ್ನ ಉದ್ಯೋಗ. ಕಾಗದದ ಮೇಲೆ ಮೋಟಾರು ವಾಹನ ನಿರೀಕ್ಷಕಿ ಮಾಲಿನಿ. ಜನರ ಬಾಯಲ್ಲಿ ಬ್ರೇಕ್ ಇನ್‌ಸ್ಪೆಕ್ಟ್ರಮ್ಮ. ಈ ಗಾಡಿಯ ಯಜಮಾನ, ಹಾರನಹಳ್ಳಿಯ ಇಂದುಧರ, ಹಳೇಬೀಡಿನ ಕೆರೆ ಏರಿಯ ತಿರುವಿನಲ್ಲಿ ಬಿದ್ದು, ಮೋರಿಕಟ್ಟೆಗೆ ತಲೆ ಬಡಿದು, ಹಾಸನದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಗಾಡಿಗೆ ಟೈರು ಹಾಕಿಕೊಟ್ಟ ಅರಸೀಕೆರೆಯ ಧರ್ಮೇಶ್ ಠಾಣೆಯ ಬೆಂಚಿನ ಮೇಲೆ ಕೂತಿದ್ದ. ನನ್ನ ವರದಿ ಸಂಜೆಯೊಳಗೆ ಬರಬೇಕಿತ್ತು. ಟೈರಿನದೇ ತಪ್ಪೆಂದು ನಾನು ಬರೆದರೆ ಧರ್ಮೇಶ್ ಜೈಲಿಗೆ.

“ಹನುಮಂತಯ್ಯನವರೇ, ಹಿಂದಿನ ಸೀಟನ್ನ ಒತ್ತಿ ಹಿಡೀರಿ,” ಎಂದೆ.

ಗಾಡಿಗೆ ದೊಡ್ಡ ಸ್ಟ್ಯಾಂಡ್ ಹಾಕಿದೆವು. ಅವರು ಹಿಂದೆ ಒತ್ತಿದಾಗ ಮುಂದಿನ ಚಕ್ರ ನೆಲ ಬಿಟ್ಟು ಎದ್ದಿತು. ಹ್ಯಾಂಡಲ್ಲಿನ ತುದಿಗೆ ಒಂದೇ ಬೆರಳಿಟ್ಟು ಎಡದಿಂದ ಬಲಕ್ಕೆ ತಿರುಗಿಸಿದೆ. ಸಲೀಸಾಗಿ ಬಂತು. ನಟ್ಟನಡುವೆ, ಚಕ್ರ ನೇರ ನೋಡುವ ಜಾಗದಲ್ಲಿ, ಕಟಕ್ ಎಂದು ಸಿಕ್ಕಿಕೊಂಡಿತು. ಇನ್ನೊಮ್ಮೆ ತಿರುಗಿಸಿದೆ. ಅದೇ ಜಾಗ, ಅದೇ ಕಟಕ್.

“ಇಲ್ಲಿ ಬೆರಳಿಡಿ. ಗೊತ್ತಾಯ್ತಾ? ಹ್ಯಾಂಡಲ್ ತಿರುಗೋ ಕತ್ತಿನೊಳಗೆ ಗುಂಡುಗಳಿರ್ತವೆ, ಕೋನ್‌ಸೆಟ್ ಅಂತಾರೆ. ಅದು ಸವೆದು ಗುಣಿ ಬಿದ್ದಿದೆ. ಇವತ್ತು ನಿನ್ನೆ ಸವೆದದ್ದಲ್ಲ, ವರ್ಷದ ಮಾತು.”

“ಹಾಗಾದ್ರೆ ಮೊದಲು ಯಾಕೆ ಅಲುಗಾಡ್ತಿರ್ಲಿಲ್ಲ?”

“ಹಳೇ ಟೈರು ಸವೆದು ಚಪ್ಪಟೆಯಾಗಿತ್ತು, ರಸ್ತೆಗೆ ಅಂಟಿಕೊಂಡು ಹೋಗ್ತಿತ್ತು. ಹೊಸ ಟೈರು ಗುಂಡಗಿದೆ, ಚುರುಕಾಗಿದೆ, ಒಳಗಿನ ಕಾಯಿಲೆಯನ್ನ ಹೊರಗೆ ಹಾಕ್ತು. ಹೊಸ ಕನ್ನಡಕ ಹಾಕ್ಕೊಂಡ ಮೇಲೆ ಮನೆಯ ಧೂಳು ಕಂಡ್ರೆ ಕನ್ನಡಕದ ಅಂಗಡಿಯೋನನ್ನ ಜೈಲಿಗೆ ಹಾಕ್ತೀರಾ?”

ಹನುಮಂತಯ್ಯ ನಕ್ಕರು. ಒಳ್ಳೆಯ ಮನುಷ್ಯ, ನಿವೃತ್ತಿಗೆ ಹತ್ತಿರ, ಯಾರ ಹತ್ತಿರವೂ ಜಗಳ ಬೇಡ ಎನ್ನುವ ಜಾತಿ. ಅಂಥವರಿಂದಲೇ ನನಗೆ ಹೆಚ್ಚು ತಲೆನೋವು.

ಇದೇ ಮಾತನ್ನು ಧರ್ಮೇಶ್ ಬೆಳಿಗ್ಗೆ ಹೇಳಿದ್ದ. ಇಂದುಧರ ಅಂಗಡಿಗೆ ಬಂದು ಕೂಗಾಡಿದಾಗಲೂ ಅದನ್ನೇ ಹೇಳಿದ್ದನಂತೆ: ಟೈರಲ್ಲಿ ಏನೂ ಇಲ್ಲ ಅಣ್ಣ, ಕೋನ್‌ಸೆಟ್ ಬದಲಾಯಿಸಿ. ಇಂದುಧರ ಅವನ ಕುತ್ತಿಗೆಪಟ್ಟಿ ಹಿಡಿದಿದ್ದ. “ಬಿದ್ದ ಮೇಲೆ ಬುದ್ಧಿ ಬರುತ್ತೆ ಬಿಡಿ” ಎಂದು ಧರ್ಮೇಶ್ ಬಾಯಿ ಜಾರಿ ಅಂದಿದ್ದ. ಅಂಗಡಿ ಎದುರಿನ ಬಸ್ ನಿಲ್ದಾಣದ ಅರ್ಧ ಜನ ಅದನ್ನು ಕೇಳಿದ್ದರು.

ಇನ್ನೊಂದು ದೂರೂ ಇತ್ತು. ಹೊಸ ಟೈರು ಹಾಕಿದ ಮೇಲೆ ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸಿ ಕೊಡುವುದು ಅರಸೀಕೆರೆಯ ಟೈರ್ ಅಂಗಡಿಗಳ ರೂಢಿ. ಧರ್ಮೇಶ್ ಅದನ್ನು ಮಾಡುವುದಿಲ್ಲ. ಅವನ ಅಂಗಡಿಯಲ್ಲಿ ಬುದ್ಧನ ಪಟವಿದೆ, ನಿಂಬೆಹಣ್ಣಿಲ್ಲ. ಅದರ ಬದಲು ತಾನು ಹಾಕಿದ ಚಕ್ರದ ವಾಲ್ವಿಗೆ, ಅಂದರೆ ಗಾಳಿ ಹೊಡೆಯುವ ಮೂತಿಗೆ, ಒಂದು ನೀಲಿ ಕ್ಯಾಪ್ ಸಿಕ್ಕಿಸುತ್ತಾನೆ. ಅದು ಅವನ ಸಹಿ. ನಿಂಬೆಹಣ್ಣಿಡದ ಗಾಡಿಗೆ ಗಾಳಿ ಸೋಕಿದೆ ಎಂದು ಇಂದುಧರನ ಮನೆಯವರು ಆಗಿನಿಂದ ಹೇಳಿಕೊಂಡು ಬಂದಿದ್ದರು. ಗಾಳಿ ಎಂದರೆ ಈ ಕಡೆ ದೆವ್ವ, ಪೀಡೆ, ಕಾಣದ ಕಾಟ, ಎಲ್ಲವೂ.

“ಟೈರ್ ಹಾಕಿದ ಮೇಲೆ ಆ ಗಾಡಿಯನ್ನ ಮತ್ತೆ ಮುಟ್ಟಿದ್ಯಾ?” ಎಂದು ಬೆಳಿಗ್ಗೆ ಅವನನ್ನು ಕೇಳಿದ್ದೆ.

“ಇಲ್ಲ ಮೇಡಂ. ಆ ಜಗಳದ ಮೇಲೆ ಆ ಗಾಡೀನ ಕಣ್ಣಲ್ಲೂ ನೋಡಿಲ್ಲ.”

ನಾನು ನಂಬಿದೆ. ಠಾಣೆಯ ಗೇಟಿನ ಆಚೆ ಹೊಂಗೆ ಮರದಡಿ ಅವನ ಹೆಂಡತಿ ಮಂಜುಳಾ ಊಟದ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಕಣ್ಣು ನನ್ನನ್ನೇ ಹಿಂಬಾಲಿಸುತ್ತಿದ್ದವು. ಆ ಹುಡುಗನನ್ನು ಹೊರಗೆ ತರಲೇಬೇಕೆಂದು ನನಗೆ ಅನ್ನಿಸಿತ್ತು. ಇದನ್ನು ಮುಚ್ಚಿಡುವುದಿಲ್ಲ.

“ಸರಿ ಮೇಡಂ, ಕೋನ್‌ಸೆಟ್ ಅಂತ ಬರೀರಿ. ಕೇಸ್ ಮುಗೀತು,” ಎಂದರು ಹನುಮಂತಯ್ಯ.

“ಮುಗಿದಿಲ್ಲ. ಈ ಅಲುಗಾಟಕ್ಕೆ ಮನುಷ್ಯ ಹೆದರ್ತಾನೆ, ಬೀಳಲ್ಲ. ನಾನು ಬಿದ್ನಾ? ಇಂದುಧರ ಎಷ್ಟೋ ದಿನದಿಂದ ಇದೇ ಗಾಡಿ ಓಡಿಸ್ತಿದ್ದ. ಅವತ್ತು ಮಾತ್ರ ಯಾಕೆ ಬಿದ್ದ?”

ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಚಕ್ರವನ್ನು ಮೆಲ್ಲಗೆ ತಿರುಗಿಸಿದೆ. ವಾಲ್ವು ಮೇಲಕ್ಕೆ ಬಂತು.

ಕ್ಯಾಪ್ ಇರಲಿಲ್ಲ. ಹಿಂದಿನ ಚಕ್ರ ನೋಡಿದೆ. ಅಲ್ಲಿ ನೀಲಿ ಕ್ಯಾಪ್ ಮಣ್ಣು ಮೆತ್ತಿಕೊಂಡು ಭದ್ರವಾಗಿ ಕೂತಿತ್ತು.

ಕ್ಯಾಪ್ ಬಿದ್ದುಹೋಗುವುದು ದೊಡ್ಡದಲ್ಲ. ಆದರೆ ವಾಲ್ವು ನೆಟ್ಟಗಿರಬೇಕಾದದ್ದು ಒಂದು ಪಕ್ಕಕ್ಕೆ ವಾಲಿತ್ತು. ಹೊಸ ಟೈರಿನ ಮೈಮೇಲೆ ತಯಾರಕರು ಸಣ್ಣದೊಂದು ಹಳದಿ ಚುಕ್ಕೆ ಇಟ್ಟಿರುತ್ತಾರೆ. ತಿಳಿದವರು ಟೈರು ಹಾಕುವಾಗ ಆ ಚುಕ್ಕೆಯನ್ನು ವಾಲ್ವಿನ ಎದುರಿಗೇ ತಂದು ಕೂರಿಸುತ್ತಾರೆ. ಹಿಂದಿನ ಚಕ್ರದಲ್ಲಿ ಚುಕ್ಕೆಯೂ ವಾಲ್ವೂ ಎದುರುಬದುರು ಇದ್ದವು. ಮುಂದಿನ ಚಕ್ರದಲ್ಲಿ ಚುಕ್ಕೆ ಗೇಣುದ್ದ ಸರಿದು ಹೋಗಿತ್ತು.

ಟೈರು ರಿಮ್ಮಿನ ಮೇಲೆ ಜಾರಿತ್ತು. ಟ್ಯೂಬನ್ನು, ಅದರ ಜೊತೆ ವಾಲ್ವನ್ನು ಎಳೆದುಕೊಂಡು ಜಾರಿತ್ತು.

“ಹನುಮಂತಯ್ಯನವರೇ, ಗಾಡಿ ಸಿಕ್ಕಿದಾಗ ಮುಂದಿನ ಚಕ್ರದಲ್ಲಿ ಗಾಳಿ ಇತ್ತಾ?”

“ಎಲ್ಲಿತ್ತು? ಅಪ್ಪಚ್ಚಿ ಆಗಿತ್ತಂತೆ. ಬಿದ್ದ ಏಟಿಗೆ ಹೋಗಿರುತ್ತೆ. ಎತ್ತಿದ ಹಳ್ಳಿಯೋರು ಪಾಪ, ತಳ್ಳೋಕಾಗಲ್ಲ ಅಂತ ದಾರೀಲಿ ಗಾಳಿ ಹೊಡೆಸಿ ತಂದುಕೊಟ್ರು. ಒಳ್ಳೆ ಜನ.”

“ಒಳ್ಳೆ ಜನ!” ನನ್ನ ದನಿ ಏರಿತು. “ಇದ್ದ ಒಂದು ಸಾಕ್ಷೀನ ಊದಿ ತುಂಬಿಸಿ ತಂದುಕೊಟ್ರು. ನೀವು ಕಾಫಿ ಕುಡಿಸಿ ಕಳಿಸಿದ್ರಿ.”

“ಟೀ,” ಎಂದರು ಹನುಮಂತಯ್ಯ ಸಣ್ಣ ದನಿಯಲ್ಲಿ.

ರಸ್ತೆ ಬದಿಯ ಪಂಚರ್ ಅಂಗಡಿಯಲ್ಲಿ ಚಕ್ರ ಬಿಚ್ಚಿಸಿದೆ. ಟೈರಿನ ಒಳಗೋಡೆಯಲ್ಲಿ ಸುತ್ತಲೂ ಮಡಿಕೆಯ ಗೆರೆ, ಕಪ್ಪು ಪುಡಿ. ಗಾಳಿಯಿಲ್ಲದೆ ಓಡಿದ ಟೈರಿನ ಗುರುತು ಅದು. ಬಿದ್ದ ಮೇಲೆ ಗಾಳಿ ಹೋಗಿದ್ದರೆ ಆ ಪುಡಿ ಎಲ್ಲಿಂದ ಬರಬೇಕು? ಟ್ಯೂಬಿಗೆ ಗಾಳಿ ತುಂಬಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದೆ. ಒಂದು ಗುಳ್ಳೆಯೂ ಏಳಲಿಲ್ಲ. ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ನೋಡಿದೆ. ಅಲ್ಲೂ ಇಲ್ಲ.

ಮೊಳೆ ಚುಚ್ಚಿರಲಿಲ್ಲ. ಸೋರಿಕೆಯಿರಲಿಲ್ಲ. ಹೊಸ ಟ್ಯೂಬು ತಾನಾಗಿ ಖಾಲಿಯಾಗುವುದಿಲ್ಲ.

“ಯಾರೋ ಬೇಕಂತಲೇ ಕ್ಯಾಪ್ ಬಿಚ್ಚಿ ಗಾಳಿ ಇಳಿಸಿದಾರೆ,” ಎಂದೆ. “ಪೂರ್ತಿ ಅಲ್ಲ. ಗಾಡಿ ಹೊರಡೋವಷ್ಟು ಬಿಟ್ಟು, ತಿರುವಿನಲ್ಲಿ ಬ್ರೇಕ್ ಹಿಡಿದ್ರೆ ಚಕ್ರ ಮಡಚಿಕೊಳ್ಳೋವಷ್ಟು.”

“ಹ್ಯಾಂಡಲ್ ಭಾರ ಆಗಿರ್ಬೇಕಲ್ಲ? ಅವನಿಗೆ ಗೊತ್ತಾಗ್ಲಿಲ್ವಾ?”

“ಅಲ್ಲೇ ಇರೋದು ಜಾಣತನ. ಮೊದಲೇ ಅಲುಗಾಡೋ ಗಾಡಿ. ಹೊಸ ಟೈರಿನ ಕಾಟ ಅಂದುಕೊಂಡೇ ಓಡಿಸಿರ್ತಾನೆ. ಬಿದ್ರೆ ಜನ ಟೈರ್ ಅಂಗಡಿಯೋನನ್ನ ಹಿಡೀತಾರೆ ಅಂತ ಮಾಡಿದವನಿಗೂ ಗೊತ್ತಿತ್ತು.”

ಹನುಮಂತಯ್ಯನವರ ಮುಖದಲ್ಲಿ ನಗು ಉಳಿಯಲಿಲ್ಲ. “ಗಾಡಿ ನಿಂತಿದ್ದು ಅವರ ಮನೆ ಅಂಗಳದಲ್ಲಿ ಮೇಡಂ.”

“ಹಾರನಹಳ್ಳಿಗೆ ನಡೀರಿ.”

*

ಜಾವಗಲ್ ದಾಟಿ, ಅರಸೀಕೆರೆ ಹಾದು ಹಾರನಹಳ್ಳಿ ತಲಪುವಷ್ಟರಲ್ಲಿ ಬಿಸಿಲು ಬಾಗಿತ್ತು. ತೆಂಗಿನ ತೋಟಕ್ಕೆ ತಗುಲಿದ ಮನೆ. ಅಂಗಳದಲ್ಲಿ ಟ್ರ್ಯಾಕ್ಟರ್, ಅದರ ಪಕ್ಕ ಸುಲಿದ ಕಾಯಿಯ ಸಿಪ್ಪೆಯ ರಾಶಿ. ಜಗಲಿಯ ಮೇಲೆ ಇಂದುಧರನ ಅಜ್ಜಿ ಮುದ್ದಮ್ಮ ಎಲೆಗೆ ಸುಣ್ಣ ಸವರುತ್ತ ಕೂತಿದ್ದರು. ನಮ್ಮನ್ನು ಎದುರುಗೊಂಡದ್ದು ಕುಮಾರಸ್ವಾಮಿ.

ಇಂದುಧರನ ಅಕ್ಕನ ಗಂಡ ಈತ. ಮದುವೆಯಾದಾಗಿನಿಂದ ಇದೇ ಮನೆಯಲ್ಲಿದ್ದು ತೋಟ ನೋಡಿಕೊಳ್ಳುವ ಮನೆ ಅಳಿಯ. ಧರ್ಮೇಶ್ ಮೇಲೆ ದೂರು ಕೊಟ್ಟವನೂ ಈತನೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ನಿದ್ದೆಗೆಟ್ಟ ಕಣ್ಣು.

“ಬರೀರಿ ಅಂದ್ರೆ ಬರೆಯೋದಕ್ಕೆ ಇಷ್ಟು ದಿನ ಬೇಕಾ ಮೇಡಂ? ಹೊಸ ಟೈರ್ ಹಾಕ್ಸೋಕೆ ಮುಂಚೆ ಗಾಡಿ ಚೆನ್ನಾಗಿತ್ತು. ಹಾಕ್ಸಿದ ಮೇಲೆ ಕೆಟ್ಟಿತು. ಇನ್ನೇನ್ ಬೇಕು?”

“ಗಾಡಿಯ ಕೋನ್‌ಸೆಟ್ ಹೋಗಿ ವರ್ಷವಾಗಿದೆ, ಕುಮಾರಸ್ವಾಮಿಯವರೇ. ಟೈರನ್ನ ಸರಿಯಾಗೇ ಹಾಕಿದಾನೆ.”

ಅವನು ಉತ್ತರಿಸುವ ಮೊದಲು ನನ್ನ ಕೈ ನೋಡಿದ. ಕೈಯಲ್ಲಿದ್ದ ಕೀ ಬಂಚಿನಲ್ಲಿ ಹಿತ್ತಾಳೆಯ ಪುಟ್ಟ ಬುದ್ಧ ತೂಗುತ್ತಿದ್ದ.

“ಹೇಳ್ಬಾರ್ದು, ಆದ್ರೂ ಹೇಳ್ತೀನಿ. ನಿಮ್ಮ ಕೀ ಬಂಚಲ್ಲಿ ಬುದ್ಧ ಇದಾನೆ. ಆ ಹುಡುಗನ ಅಂಗಡೀಲೂ ಬುದ್ಧ ಇದಾನೆ. ನೀವು ನಿಮ್ಮೋರನ್ನ ಬಿಟ್ಟುಕೊಡ್ತೀರಾ?”

ನನ್ನ ಕಿವಿ ಬಿಸಿಯಾಯಿತು. ಈ ಮಾತು ಯಾವತ್ತಾದರೊಂದು ದಿನ ಬರುತ್ತದೆಂದು ಗೊತ್ತಿದ್ದರೂ, ಬಂದಾಗ ಪ್ರತಿಸಲವೂ ಹೊಸದಾಗಿಯೇ ಉರಿಯುತ್ತದೆ.

“ಕೋನ್‌ಸೆಟ್‌ಗೆ ಜಾತಿಯಿಲ್ಲ. ನಂಬಿಕೆ ಇಲ್ಲದಿದ್ರೆ ಬೇರೆ ಯಾವ ನಿರೀಕ್ಷಕರನ್ನ ಬೇಕಾದ್ರೂ ಕರೆಸಿ. ಅವರೂ ಅದೇ ಗುಣಿಯಲ್ಲಿ ಬೆರಳಿಡ್ತಾರೆ.”

“ಮೇಡಂ, ಬಿಡಿ ಬಿಡಿ,” ಎಂದು ಹನುಮಂತಯ್ಯ ನಡುವೆ ಬಂದರು. “ಕುಮಾರಸ್ವಾಮಿ, ನೀನೂ ಮಾತು ನೋಡ್ಕೊಂಡಾಡು. ಮನೇಲಿ ಕಷ್ಟ ಇದೆ, ಗೊತ್ತು.”

ಕುಮಾರಸ್ವಾಮಿ ಜಗಲಿಯ ಅಂಚಿನಲ್ಲಿ ಕುಸಿದು ಕೂತ. ಎರಡೂ ಕೈಯಿಂದ ಮುಖ ಉಜ್ಜಿಕೊಂಡ.

“ತಪ್ಪಾಯ್ತು. ನಂಗೆ ತಲೆ ಸರಿ ಇಲ್ಲ. ಅವತ್ತು ಅರೇಹಳ್ಳಿ ನೆಂಟರ ಮನೆಗೆ ಗೃಹಪ್ರವೇಶಕ್ಕೆ ಕರೆಯೋಕೆ ಹೋಗ್ಬೇಕಾಗಿದ್ದೋನು ನಾನು. ಆ ಗಾಡೀಲಿ ನಾನು ಹೋಗೋದು ಅಂತಾನೇ ಹಿಂದಿನ ದಿನ ಮಾತಾಗಿತ್ತು. ಬೆಳಿಗ್ಗೆ ಎದ್ದಾಗ ತಲೆಸುತ್ತು, ಏಳೋಕಾಗ್ಲಿಲ್ಲ. ಪಾಪ, ನನ್ನ ಬದಲು ಇಂದುಧರ ಹೋದ. ನನಗಾಗ್ಬೇಕಾಗಿದ್ದು ಅವನಿಗಾಯ್ತು.”

ಅವನ ದನಿ ಒಡೆಯಿತು. ನನಗೂ ಅಯ್ಯೋ ಅನ್ನಿಸಿತು. ಇಷ್ಟು ಹೊತ್ತು ಸಿಟ್ಟಿನಲ್ಲಿದ್ದ ನಾನು ಸ್ವಲ್ಪ ತಗ್ಗಿದೆ.

“ಆ ದಿನ ಬೆಳಿಗ್ಗೆ ಗಾಡಿ ಹತ್ತಿರ ಯಾರಾದ್ರೂ ಬಂದಿದ್ರಾ?”

“ಯಾರೂ ಇಲ್ಲ. ನಾನು ಒಳಗೆ ಮಲಗಿದ್ದೆ.”

“ಯಾರೋ ಮಂತ್ರವಾದಿ ಬಂದಿದ್ದ ಅಂತಿದ್ರಲ್ಲ ಅಜ್ಜಿ?” ಎಂದರು ಹನುಮಂತಯ್ಯ. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. “ಮೊದಲ ದಿನವೇ ಹೇಳಿದ್ರು ಮೇಡಂ. ಬೆಳಗಿನ ಜಾವ ಯಾರೋ ಕೂತು ಗಾಡಿ ಗಾಳಿ ತೆಗೀತಿದ್ದ ಅಂತ. ಪೀಡೆ ಬಿಡಿಸೋ ಮಂತ್ರದ ಕಥೆ ನಮಗೆ ಯಾಕೆ ಅಂತ ನಾನೂ ಬಿಟ್ಟೆ.”

“ಅಜ್ಜಿಗೆ ಅರಳುಮರಳು,” ಎಂದ ಕುಮಾರಸ್ವಾಮಿ. “ಗಾಳಿ ತೆಗೆಸ್ಬೇಕು ಅಂತ ಮನೇಲಿ ಮಾತಾಡಿದ್ದು ನಿಜ. ಮಾಲೇಕಲ್ಲಿನ ದೇವಸ್ಥಾನಕ್ಕೆ ಗಾಡಿ ತಗೊಂಡು ಹೋಗಿ ಪೂಜೆ ಮಾಡ್ಸೋಣ ಅಂತಾನೂ ಇತ್ತು. ಆದ್ರೆ ಯಾವ ಮಂತ್ರವಾದೀನೂ ಈ ಮನೆಗೆ ಬಂದಿಲ್ಲ.”

ಯಾವ ಮಂತ್ರವಾದಿಯೂ ಬಂದಿಲ್ಲ. ಆದರೂ ಒಬ್ಬ ಕೂತು ಗಾಡಿಯ ಗಾಳಿ ತೆಗೆಯುತ್ತಿದ್ದ.

ಜಗಲಿ ಹತ್ತಿ ಮುದ್ದಮ್ಮನವರ ಎದುರು ಕೂತೆ.

“ಅಜ್ಜಿ, ಅವನು ತೆಗೀತಿದ್ದಿದ್ದು ಯಾವ ಗಾಳಿ?”

ಮುದ್ದಮ್ಮ ಎಲೆ ಮಡಿಚಿ ಬಾಯಿಗಿಟ್ಟುಕೊಂಡು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು.

“ಯಾವ ಗಾಳಿ ಅಂದ್ರೆ? ಚಕ್ರದ ಗಾಳಿ ಕಣವ್ವ. ಮುಂದ್ಲ ಚಕ್ರದ್ದು. ಮೂತಿ ಅದುಮಿ ಹಿಡ್ಕಂಡಿದ್ದ. ಸುಸ್ಸ್ ಅಂತಿತ್ತು. ಕೇರೆ ಹಾವು ಬಂತೇನೋ ಅಂತ ನಾನು ಎದ್ದು ನೋಡಿದ್ದು.”

“ಅಯ್ಯೋ ಅಜ್ಜಿ!” ಹನುಮಂತಯ್ಯ ಹಣೆ ಚಚ್ಚಿಕೊಂಡರು. “ಚಕ್ರದ ಗಾಳಿ ಅಂತ ಅವತ್ತೇ ಹೇಳ್ಬಾರ್ದಾಗಿತ್ತಾ?”

“ಗಾಡಿ ಗಾಳಿ ತೆಗೀತಿದ್ದ ಅಂತ ಬಾಯ್ ಬಡ್ಕಂಡೆ. ನೀನೇ ಅಲ್ವೇನಪ್ಪ, ಆಯ್ತು ಬಿಡಜ್ಜಿ ಅಂತ ಎದ್ದೋಗಿದ್ದು? ಗಾಡೀಗೆ ಇನ್ಯಾವ ಗಾಳಿ ಇರ್ತೈತೆ?”

ನಗಬೇಕಾದ ಮಾತು. ಯಾರೂ ನಗಲಿಲ್ಲ. ಕುಮಾರಸ್ವಾಮಿಯ ಮುಖ ಸುಣ್ಣದಂತಾಗಿತ್ತು. ಅವನು ಅಜ್ಜಿಯನ್ನೇ ನೋಡುತ್ತಿದ್ದ.

ನನಗೆ ಗೆದ್ದ ಸಂತೋಷ. ಎಲ್ಲರ ಎದುರಿಗೇ ಹೇಳಿಬಿಟ್ಟೆ. “ಕೇಳಿಸ್ಕೊಂಡ್ರಾ ಹನುಮಂತಯ್ಯನವರೇ? ಇದು ಟೈರಿನ ದೋಷವೂ ಅಲ್ಲ, ಅಪಘಾತವೂ ಅಲ್ಲ. ಬೆಳಗಿನ ಜಾವ ಈ ಅಂಗಳದಲ್ಲಿ ಕೂತು ಗಾಳಿ ಇಳಿಸಿದವನು ಮನುಷ್ಯನನ್ನ ಕೊಲ್ಲೋಕೇ ಕೂತಿದ್ದ. ವರದಿಯಲ್ಲಿ ಇದನ್ನೇ ಬರೀತೀನಿ.”

“ಕೊಲೆ ಯತ್ನ,” ಎಂದರು ಅವರು ನಿಧಾನವಾಗಿ.

“ಕೊಲೆ ಯತ್ನವೇ. ಅಜ್ಜಿ, ಅವನ ಮುಖ ನೋಡಿದ್ರಾ? ಹೆದರಬೇಡಿ, ಯಾರಾಗಿದ್ರೂ ಹೇಳಿ.”

“ನಾನ್ಯಾಕೆ ಹೆದರ್ಲಿ? ಗೊತ್ತಿರೋ ಹುಡ್ಗಾನೇ. ಹೋದ ಸುಗ್ಗೀಲಿ ಟ್ರ್ಯಾಕ್ಟರ್ ಪಂಚರ್ ಹಾಕಾಕೆ ಬಂದಿದ್ನಲ್ಲ. ಒಳಕ್ಕೆ ಬಾರಪ್ಪ ಅಂದ್ರೂ ಬರನಿಲ್ಲ, ಅಲ್ಲೇ ಕಲ್ಲಿನ ಮ್ಯಾಲೆ ಕುಂತು ನೀರು ಕುಡ್ದ. ಅರಸೀಕೆರೆ ಟೈರ್ ಅಂಗ್ಡಿಯೋನು. ನಿಂಬೆಹಣ್ಣು ಇಡಾಕಿಲ್ಲ ಅಂತಾನಂತಲ್ಲ, ಅವನೇ. ಧರ್ಮೇಶಿ.”

ನಾನು ಅವರ ಹತ್ತಿರಕ್ಕೆ ಸರಿದೆ.

“ಅಜ್ಜಿ, ಸರಿಯಾಗಿ ನೆನಪಿದೆಯಾ? ಅವನ ಜೊತೆ ಬೇರೆ ಯಾರಾದ್ರೂ...”

“ಟ್ರ್ಯಾಕ್ಟರ್ ಮರೇಲಿ ಇನ್ನೊಬ್ರ ಕಾಲು ಕಂಡ್ವು. ಯಾರೋ ಕಾಣೆ. ಒಲೆ ಮ್ಯಾಲೆ ನೀರಿಟ್ಟಿದ್ದೆ, ಒಳಕ್ಕೋದೆ.”

“ಸಾಕು,” ಕುಮಾರಸ್ವಾಮಿ ಎದ್ದು ನಿಂತ. ಅವನ ದನಿಯಲ್ಲಿ ಈಗ ಅಳುವಿರಲಿಲ್ಲ. “ಅಜ್ಜಿಗೆ ಸುಸ್ತಾಗುತ್ತೆ. ಕೇಳೋದೆಲ್ಲ ಕೇಳಿದ್ರಲ್ಲ ಮೇಡಂ? ಕೊಲ್ಲೋಕೇ ಕೂತಿದ್ದ ಅಂತ ನೀವೇ ಅಂದ್ರಿ. ಈಗ ನಿಮ್ಮ ಬುದ್ಧನ ಮೇಲೆ ಆಣೆಯಿಟ್ಟು ಬರೀರಿ.”

ಜೀಪು ಠಾಣೆಯ ಕಡೆ ವಾಪಸು ಹೊರಟಿತು. ನಿರ್ಲಕ್ಷ್ಯದ ಕೇಸಿನಲ್ಲಿ ಸಿಕ್ಕಿಬಿದ್ದವನನ್ನು ಬಿಡಿಸಲು ಹೋಗಿ ಕೊಲೆ ಯತ್ನದ ಕೇಸಿಗೆ ನಾನೇ ತಳ್ಳಿದ್ದೆ. ನನ್ನ ಜಾಣತನವೇ ಅವನ ಕೊರಳಿಗೆ ಉರುಳಾಗಿತ್ತು. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಇನ್ನೊಂದು: ಅವನು ನನಗೆ ಸುಳ್ಳು ಹೇಳಿದ್ದ.

*

ಮಂಜುಳಾ ಇನ್ನೂ ಹೊಂಗೆ ಮರದಡಿಯೇ ಇದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಅವಳ ಮುಖ ನೋಡಲಾಗದೆ ಸರಸರನೆ ಒಳಗೆ ಹೋದೆ.

“ಆ ಗಾಡೀನ ಕಣ್ಣಲ್ಲೂ ನೋಡಿಲ್ಲ ಅಂದ್ಯಲ್ಲೋ!” ಧರ್ಮೇಶ್ ಎದುರು ನಿಂತು ಕೂಗಿದೆ. ನನ್ನ ದನಿ ನನಗೇ ಅಸಹ್ಯವೆನಿಸಿತು. “ಮುದ್ದಮ್ಮ ನಿನ್ನ ನೋಡಿದಾರೆ. ಗಾಳಿ ಇಳಿಸೋದನ್ನ ನೋಡಿದಾರೆ. ಈಗ ಹೇಳು.”

ಅವನು ಬೆಂಚಿನಿಂದ ಏಳಲಿಲ್ಲ. ಉಗುರಿನ ಸಂದಿಯ ಕಪ್ಪನ್ನೇ ನೋಡುತ್ತ ಕೂತಿದ್ದ. ಹನುಮಂತಯ್ಯ ಫೋನು ಬಂತೆಂದು ತಮ್ಮ ಕೋಣೆಗೆ ಹೋದರು.

“ಇಳಿಸ್ದೆ ಮೇಡಂ,” ಎಂದ ಕೊನೆಗೆ. “ಮತ್ತೆ ತುಂಬಿಸ್ದೆ ಕೂಡ. ನನ್ನ ಕಾಲು ಪಂಪ್ ತಗೊಂಡೇ ಹೋಗಿದ್ದೆ. ಕಲ್ಲಿನ ಹಂಗೆ ಗಟ್ಟಿ ಮಾಡಿ ಕ್ಯಾಪ್ ಹಾಕಿ ಬಂದೆ.”

“ಕ್ಯಾಪ್ ಹಾಕಿದ್ಯಾ?”

“ನನ್ನ ಚಕ್ರಕ್ಕೆ ಕ್ಯಾಪ್ ಹಾಕದೆ ನಾನು ಎದ್ದು ಬರ್ತೀನಾ ಮೇಡಂ?”

ಮುಂದಿನ ಚಕ್ರದ ಬೋಳು ವಾಲ್ವು ನನ್ನ ಕಣ್ಣ ಮುಂದೆ ಬಂತು. “ನಿನ್ನ ಯಾರು ಕರೆಸಿದ್ದು?”

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

“ಧರ್ಮೇಶ್, ಹೊರಗೆ ಮಂಜುಳಾ ಕೂತಿದಾಳೆ.”

ಅವನು ಗೇಟಿನ ಕಡೆ ನೋಡಿದ. “ಇಂದುಧರಣ್ಣನೇ ಕರೆದ್ರು. ಬೇಗ ಬಾ, ಯಾರಿಗೂ ಹೇಳ್ಬೇಡ, ಜಗಳ ಮರೆತುಬಿಡು ಅಂದ್ರು. ಪಾಪ, ಅಲುಗಾಟ ನಿಲ್ಲಿಸಿಕೊಡಬೇಕೇನೋ ಅಂತ ಹೋದೆ. ಮುಂದಿನ ಚಕ್ರದ ಗಾಳಿ ಕಮ್ಮಿ ಮಾಡು ಅಂದ್ರು. ಒಂದು ಸ್ವಲ್ಪ ಇಳಿಸ್ದೆ. ಇನ್ನೂ ಇಳಿಸು ಅಂದ್ರು. ಬೇಡಣ್ಣ, ತಿರುವಲ್ಲಿ ಎತ್ತಿ ಹಾಕುತ್ತೆ, ಸಾಯ್ತೀರಾ ಅಂದೆ. ಆಗ...”

“ಆಗ?”

“ನಕ್ಕರು ಮೇಡಂ. ‘ನಿಂಗ್ಯಾಕೋ ಭಯ? ಇವತ್ತು ಓಡಿಸೋದು ನಾನಲ್ಲ, ನಮ್ಮ ಭಾವ’ ಅಂದ್ರು.”

ನಾನು ಬೆಂಚಿನ ಮೇಲೆ ಅವನ ಪಕ್ಕವೇ ಕೂತುಬಿಟ್ಟೆ.

“ಅವರ ಎದುರಿಗೇ ಮತ್ತೆ ಪೂರ್ತಿ ಗಾಳಿ ತುಂಬಿಸ್ದೆ. ಇಂಥ ಕೆಲಸ ನನ್ನ ಕೈಲಾಗಲ್ಲ ಅಂತ ಜೋರಾಗೇ ಹೇಳ್ದೆ. ಬಾಯಿ ಮುಚ್ಚು, ಒಳಗೆ ಕೇಳುತ್ತೆ ಅಂದ್ರು. ಎದ್ದು ಬಂದೆ. ಮಧ್ಯಾಹ್ನ ನೋಡಿದ್ರೆ ಅವರೇ ಬಿದ್ದಿದಾರೆ.”

“ಇದನ್ನ ಬೆಳಿಗ್ಗೆ ಯಾಕೆ ಹೇಳ್ಲಿಲ್ಲ?”

“ಸಾಯ್ತಾ ಬಿದ್ದಿರೋ ಮನುಷ್ಯ ಕೊಲೆ ಮಾಡ್ಸೋಕೆ ಹೊರಟಿದ್ರು ಅಂತ ನಾನು ಹೇಳ್ಲಾ? ನಾನು? ಯಾರು ನಂಬ್ತಿದ್ರು ಮೇಡಂ? ನೀವಾದ್ರೂ ನಂಬ್ತಿದ್ರಾ?”

ಅವನ ಮಾತು ನಿಜವಾದರೆ ಇಂದುಧರನ ಕಣ್ಣೆದುರೇ ಚಕ್ರಕ್ಕೆ ಗಾಳಿ ತುಂಬಿತ್ತು. ಭಾವ ತಲೆಸುತ್ತೆಂದು ಮಲಗಿದಾಗ ಆ ಧೈರ್ಯದ ಮೇಲೆಯೇ ಇಂದುಧರ ಗಾಡಿ ಏರಿದ್ದ. ಧರ್ಮೇಶ್ ಹೋದ ಮೇಲೆ ಆ ನೀಲಿ ಕ್ಯಾಪ್ ಬಿಚ್ಚಿ ಇನ್ನೊಂದು ಸಲ ಗಾಳಿ ತೆಗೆದವನು ಬೇರೆ. ಅಂಗಳದ ಮಾತೆಲ್ಲ ಒಳಗಿನಿಂದ ಕೇಳಿಸಿಕೊಂಡವನು. ತಲೆಸುತ್ತು ಎಂದು ಮಲಗಿದ್ದವನು.

ಆದರೆ ಇದಕ್ಕೆ ಸಾಕ್ಷಿ ಯಾರು? ಧರ್ಮೇಶ್ ಗಾಳಿ ತುಂಬಿಸಿದ್ದನ್ನು ಕಂಡವನು ಜಗತ್ತಿನಲ್ಲಿ ಒಬ್ಬನೇ, ಇಂದುಧರ.

ಹನುಮಂತಯ್ಯ ಕೋಣೆಯಿಂದ ಹೊರಗೆ ಬಂದರು. ಮುಖದಲ್ಲಿ ಮತ್ತೆ ನಗುವಿತ್ತು.

“ಮೇಡಂ, ಶುಭ ಸುದ್ದಿ! ಆಸ್ಪತ್ರೆಯಿಂದ ಫೋನು. ಇಂದುಧರ ಕಣ್ಣು ಬಿಟ್ಟನಂತೆ. ಮಾತೂ ಆಡ್ತಿದಾನಂತೆ. ಹೆಂಡತೀನ ಕೇಳ್ಲಿಲ್ಲ, ನೀರು ಕೇಳ್ಲಿಲ್ಲ. ‘ಭಾವ ಎಲ್ಲಿ?’ ಅಂತ ಮೊದಲು ಕೇಳಿದನಂತೆ. ಎಂಥ ಪ್ರೀತಿ ನೋಡಿ!”

“ಕುಮಾರಸ್ವಾಮಿಗೆ ಗೊತ್ತಾಯ್ತಾ?” ಬೆಂಚಿನಿಂದ ಎದ್ದು ನಿಂತೆ.

“ನಾನೇ ತಕ್ಷಣ ಫೋನ್ ಮಾಡಿ ಹೇಳ್ದೆ, ಪಾಪ ಖುಷಿ ಪಡ್ಲಿ ಅಂತ. ಗಂಜಿ ಮಾಡಿಸ್ಕೊಂಡು ಆಗ್ಲೇ ಹಾಸನಕ್ಕೆ ಹೊರಟನಂತೆ. ಇಂದುಧರನ ಹೆಂಡತಿ ಬಹಳ ದಣಿದಿದಾಳೆ, ಅವಳನ್ನ ಮನೆಗೆ ಕಳಿಸಿ ಇವತ್ತು ತಾನೊಬ್ಬನೇ ಅವನ ಹತ್ತಿರ ಇರ್ತೀನಿ ಅಂದ.”